ನಲ್‌ಗೆ ಸುರಿದ ಮಾತು

ಬಾಗಿಲು ತೆಗೆದರೆ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಬೇಕಿತ್ತು, ಬಡಿದದ್ದು ಮುಗ್ಗಲು ವಾಸನೆ, ಬಿತ್ತನೆ ಆಲೂಗಡ್ಡೆ ಇಟ್ಟ ಕೋಣೆಗೆ ಗಂಟೆಗೊಮ್ಮೆ ಹೊರಗಾಳಿ ಎಳೆಯುವ ಫ್ಯಾನ್ ಓಡಿಲ್ಲ — ಕಂಪ್ಯೂಟರೇ ಓಡಿಸಬೇಕು, ಅದರೊಳಗೆ ಕ್ರಾನ್ ಅಂತ ಒಂದಿದೆ, ಹೊತ್ತಿಗೆ ಸರಿಯಾಗಿ ಕೆಲಸ ಮಾಡಿ ಮಾಡಿದ್ದನ್ನೆಲ್ಲ ಇಮೇಲ್‌ನಲ್ಲಿ ಒದರುತ್ತದೆ, ಫ್ಯಾನ್ ಓಡಿತು, ಫ್ಯಾನ್ ಓಡಿತು, ದಿನಕ್ಕೆ ಇಪ್ಪತ್ತನಾಲ್ಕು ಸಲ ಜೇಬಿನಲ್ಲಿ ಫೋನು ಗುಂಯ್ ಅನ್ನುತ್ತಿತ್ತು, ತಲೆ ಕೆಟ್ಟುಹೋಯಿತು. ಅದನ್ನು ಕೂರಿಸಿಕೊಟ್ಟ ಚನ್ನರಾಯಪಟ್ಟಣದ ಶೋಭಿತಾ ಹೇಳಿದ್ದಳು, ದೇವರಾಜಣ್ಣ, ಮಾಮೂಲಿ ಮಾತು ಬೇಡ ಅಂದ್ರೆ ಕಂಪ್ಯೂಟರಲ್ಲೇ ನಲ್ ಅಂತ ಒಂದೈತೆ, ಅದಕ್ಕೆ ಸುರೀರಿ, ಎಷ್ಟು ಸುರುದ್ರೂ ತುಂಬದ ಗುಂಡಿ ಅದು, ಎರರ್ ಮಾತ್ರ ಸುರೀಬೇಡಿ, ಅದು ಬೇರೆ ದಾರೀಲಿ ಬತ್ತದೆ, ಬರ್ಲಿ ಬುಡಿ — ನಂಗೆ ಪಾಠ ಯೋಳ್ಬೇಡ ಕಣಮ್ಮ, ನೀನು ಅಕ್ಷರ ಕಲಿಯೋಕ್ ಮುಂಚಿಂದ ಈ ಕೋಲ್ಡ್ ಸ್ಟೋರೇಜ್ ನೋಡ್ಕತಾ ಇವ್ನಿ ನಾನು, ಅಂದು ಫೋನ್ ಕಟ್ ಮಾಡಿ ಮಾಮೂಲಿ ಮಾತು, ಎರರ್ ಎರಡನ್ನೂ ನಲ್‌ಗೆ ಕಳಿಸಿದೆ. ಆವತ್ತಿನಿಂದ ಜೇಬು ಸುಮ್ಮನಿತ್ತು, ನೆಮ್ಮದಿ ಅಂದುಕೊಂಡೆ, ಈಗ ಕ್ರಾನ್ ಕೊಡುವ ಫ್ಯಾನ್ ಕಮಾಂಡನ್ನು ನಾನೇ ಕೈಯಾರೆ ಕೊಟ್ಟರೆ ಪರದೆ ಹೇಳುತ್ತಿದೆ, ಫ್ಯಾನ್ ಉತ್ತರಿಸುತ್ತಿಲ್ಲ, ಎಂದಿನಿಂದ, ನಿನ್ನೆಯಿಂದಲೋ, ಹದಿನೈದು ದಿನದಿಂದಲೋ, ಅದು ಗಂಟೆಗೊಮ್ಮೆ ಕೂಗಿಕೊಂಡೇ ಇತ್ತು, ಕೂಗನ್ನೆಲ್ಲ ಗುಂಡಿಗೆ ಹಾಕಿಸಿದವನು ನಾನು. ಗಡ್ಡೆಯನ್ನೇ ಕೇಳೋಣ ಎಂದು ಒಂದನ್ನು ಕೊಯ್ದೆ, ಹೊರಗೆ ಮಿರಮಿರ ಸಿಪ್ಪೆ, ಒಳಗೆ ನಟ್ಟನಡುವೆ ಕಪ್ಪು, ಉಸಿರು ಕಟ್ಟಿದ ಗಡ್ಡೆಗೆ ಹೀಗಾಗುತ್ತದೆ, ಇನ್ನೊಂದು ಮೂಟೆಯದು ಕೊಯ್ದೆ, ಅದೂ ಕಪ್ಪು, ಹೊರಗೆ ಟ್ರ್ಯಾಕ್ಟರ್ ಸದ್ದು, ಸಾಲಗಾಮೆಯ ಚಂದ್ರಯ್ಯ, ಮಳೆ ಬಿದ್ದಿದೆ, ಸಾಲು ಹೊಡೆಸಿದ್ದಾನೆ, ತನ್ನ ನಲವತ್ತು ಮೂಟೆ ಬೀಜ ಒಯ್ಯಲು ಬಂದಿದ್ದಾನೆ. ಕೊಟ್ಟುಬಿಡಬಹುದು, ಸಿಪ್ಪೆಯ ಮೇಲೆ ಏನೂ ಕಾಣುವುದಿಲ್ಲ, ಮಣ್ಣಿಗೆ ಹಾಕಿ ಮೊಳೆಯದಿದ್ದರೆ ಮಳೆ ಹೆಚ್ಚಾಯಿತು ಅನ್ನಬಹುದು, ಒಂದು ಇಮೇಲ್ ಇಲ್ಲ, ಒಂದು ಸಾಕ್ಷಿ ಇಲ್ಲ, ಎಷ್ಟು ಚೆನ್ನಾಗಿ ಬಾಯಿ ಮುಚ್ಚಿಸಿದ್ದೇನೆ — ಏನ್ಲಾ ದೇವ್ರಾಜ, ಬಿತ್ನೆ ಬೀಜಾನೇ ಕುಯ್ತಾ ಕುಂತಿದ್ದೀಯಲ್ಲ, ಮನೇಲಿ ಸಾರಿಗೇನೂ ಇಲ್ವಾ, ಚಂದ್ರಯ್ಯ ನಗುತ್ತಾನೆ, ಎತ್ರಲಾ ಮೂಟೆಯ, ಆಳುಗಳು ಒಳಗೆ ಹೆಜ್ಜೆ ಇಟ್ಟಾಯಿತು, ಮುಟ್ಟಬ್ಯಾಡ್ರಲಾ, ನನ್ನದೇ ಗಂಟಲು, ಅವರದೇ ತಪ್ಪೆಂಬಂತೆ ರೇಗಿದ ಗಂಟಲು. ಯಾಕ್ಲಾ, ಅನ್ನುತ್ತಾನೆ, ಕೊಯ್ದ ಹೋಳನ್ನು ಅವನ ಅಂಗೈ ಮೇಲೆ ಇಡುತ್ತೇನೆ, ನಗು ಅರ್ಧಕ್ಕೇ ನಿಂತಿತು, ಅವನೇ ಮೂಟೆಗೆ ಕೈ ಹಾಕಿ ಒಂದನ್ನು ಆರಿಸಿ ತರುತ್ತಾನೆ, ಇದ ಕುಯ್ಯಿ, ಕೊಯ್ದೆ, ಕಪ್ಪು, ಇದ, ಕಪ್ಪು, ಅವನು ಮತ್ತೆ ಕೈ ಹಾಕುತ್ತಾನೆ, ಇದೊಂದ ಕುಯ್ಯಲಾ, ಅನ್ನುತ್ತಾನೆ ಮೆಲ್ಲಗೆ, ಚಾಕು ಇಳಿಯುತ್ತದೆ, ಬಿಳಿಯ ನಟ್ಟನಡುವೆ ಕಪ್ಪು —