ಹೈದರಾಬಾದಿನ ಕಾಫಿ

ಹೈದರಾಬಾದಿನಲ್ಲಿ ಕಾಫಿಬೀಜ ಹುರಿಯುವ ಕಂಪನಿಯೊಂದರಲ್ಲಿದ್ದ ಗೌತಮ, ಅಪ್ಪನಿಗೆ ಲಕ್ವಾ ಹೊಡೆದ ಸುದ್ದಿ ಬಂದ ಮೇಲೆ ಕೆಲಸ ಬಿಟ್ಟು ಕಲಬುರಗಿ ಹತ್ತಿರದ ಕಮಲಾಪುರಕ್ಕೆ ವಾಪಸು ಬಂದ. ಅಪ್ಪ ಸೂರ್ಯಕಾಂತನ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಗೌತಮನ ಹೆಂಡತಿ ಸಂಘಮಿತ್ರಾ ಊರಿನ ಆಸ್ಪತ್ರೆಯಲ್ಲಿ ನರ್ಸು. ಅವಳು ಡ್ಯೂಟಿಗೆ ಹೋದಾಗ ಮನೆಯಲ್ಲಿ ಯಾರಾದರೂ ಇರಲೇಬೇಕಿತ್ತು. ಅಪ್ಪನ ಬಾಯಿ ಒರೆಸುವುದು, ಮಗ್ಗುಲು ಬದಲಿಸುವುದು, ಗೋಡೆ ಹಿಡಿಸಿ ನಡೆಸುವುದು ಗೌತಮನ ದಿನಚರಿಯಾಯಿತು. ಹೈದರಾಬಾದಿನಿಂದ ಒಂದು ಚಟ ಮಾತ್ರ ಅವನ ಬೆನ್ನು ಹತ್ತಿ ಬಂದಿತ್ತು. ಒಳ್ಳೆಯ ಕಾಫಿ ಕುಡಿಯದೆ ಅವನಿಗೆ ಬೆಳಗೇ ಆಗುತ್ತಿರಲಿಲ್ಲ.

ಅಂಥ ಕಾಫಿ ಹುಡುಕಲು ಜೊತೆಯಾದವನು ರೇವಣ. ಕಮಲಾಪುರದ ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚಿನವರು. ಆಮೇಲೆ ರೇವಣನ ಮನೆಯವರು ಕಲಬುರಗಿಗೆ ಹೋಗಿ ನೆಲೆಸಿದ್ದರು. ಅವನು ಔಷಧಿ ಕಂಪನಿಯ ಕೆಲಸ ಹಿಡಿದಿದ್ದ. ಕಂಪನಿಯ ಮೀಟಿಂಗಿಗೆ ಹೈದರಾಬಾದಿಗೆ ಹೋದಾಗಲೆಲ್ಲ ಗೌತಮನ ಕೋಣೆಯಲ್ಲಿಯೇ ಇಳಿದು, ಅವನು ಮಾಡಿಕೊಟ್ಟ ಕಾಫಿ ಕುಡಿದು ರುಚಿ ಹತ್ತಿಸಿಕೊಂಡಿದ್ದ.

ಭಾನುವಾರ ಸಂಘಮಿತ್ರಾಗೆ ರಜೆಯಿದ್ದರೆ ಗೌತಮ ಕಲಬುರಗಿಗೆ ಹೋಗುತ್ತಿದ್ದ. ರೇವಣನ ಬೈಕಿನಲ್ಲಿ ಇಬ್ಬರೂ ಊರೆಲ್ಲ ಸುತ್ತುತ್ತಿದ್ದರು. ಬಸ್‌ ಸ್ಟ್ಯಾಂಡ್ ಕಡೆಯ ಹೋಟೆಲುಗಳ ಫಿಲ್ಟರ್ ಕಾಫಿಯಲ್ಲಿ ಚಿಕೋರಿಯದೇ ದರ್ಬಾರು. ಕೋಟೆಯ ಹತ್ತಿರ ಚಹಾದಂಗಡಿಯ ಕರೀಂಸಾಬ್, ಕಾಫಿ ಅಂದದ್ದಕ್ಕೆ ನಕ್ಕುಬಿಟ್ಟ. "ಆ ಝಂಝಟ್ ನಮ್ಮಲ್ಲಿ ಇಲ್ರಿ. ಚಾ ಕುಡೀರಿ, ಆರಾಮ ಕೂಡ್ರಿ." ಕೋಟನೂರ ಕಡೆ ಹೊಸ ಬಡಾವಣೆಯಲ್ಲಿ ಒಂದು ಕೆಫೆ ಆಗಿದೆ ಎಂದು ಕೇಳಿ ಅಲ್ಲಿಗೂ ಹೋದರು. ಥಳಥಳ ಹೊಳೆಯುವ ವಿದೇಶಿ ಮಷೀನಿತ್ತು. ಗೌತಮ ಕೇಳಿ ನಾಲ್ಕು ಬೀಜ ಇಸಿದುಕೊಂಡು ಮೂಸಿದ. ಕರ್ರಗೆ ಸುಟ್ಟು, ಎಣ್ಣೆ ಬಿಟ್ಟು, ಹಳಸಲು ವಾಸನೆ ಹೊಡೆಯುತ್ತಿದ್ದವು.

"ಹುರಿದು ವರ್ಷ ಆಗಿರಬೇಕು" ಎಂದ ಗೌತಮ, ಹೊರಗೆ ಬಂದ ಮೇಲೆ. "ಬೀಜ ತಪ್ಪು ಮಾಡಿಲ್ಲ. ಹುರಿಯವ್ರು ಹತ್ರ ಇಲ್ಲ, ಅಷ್ಟ."

"ನೀ ಇದ್ದೀಯಲ್ಲ" ಎಂದ ರೇವಣ.

ಮಾತು ಅಲ್ಲಿಂದ ಬೆಳೆಯಿತು. ಗೌತಮ ಉಳಿಸಿದ್ದ ಹಣದಲ್ಲಿ ಸಣ್ಣದೊಂದು ಹುರಿಯುವ ಯಂತ್ರ ತಂದ. ರೇವಣ ಔಷಧಿ ಕಂಪನಿಯ ಕೆಲಸ ಬಿಟ್ಟು ಶರಣಬಸವೇಶ್ವರ ಗುಡಿಯ ಕಡೆ, ಕಾಲೇಜು ಹುಡುಗರು ಓಡಾಡುವ ಬೀದಿಯಲ್ಲಿ ಮಳಿಗೆ ಹಿಡಿದ. ಕಮಲಾಪುರದಲ್ಲಿ ಗೌತಮನ ಮನೆಯ ಹಿಂದೆ, ಮೊದಲು ಬಾಳೆಗೊನೆ ಹಣ್ಣಿಗಿಡುತ್ತಿದ್ದ ಕತ್ತಲೆಕೋಣೆಯೊಂದಿತ್ತು. ಅದರ ಗೋಡೆಗಳಿಗೆ ಹಿಡಿದಿದ್ದ ಹಣ್ಣಿನ ವಾಸನೆ ಬೀಜಕ್ಕೆ ಹತ್ತಬಾರದೆಂದು ಸಂಘಮಿತ್ರಾ ಮತ್ತೆ ಮತ್ತೆ ಸುಣ್ಣ ಬಳಿದಳು. ಚಿಕ್ಕಮಗಳೂರಿನ ಒಂದು ತೋಟದಿಂದ ಹಸಿಬೀಜ ಬರತೊಡಗಿತು.

ಬಿಸಿಲೇರುವ ಮುಂಚೆಯೇ ಗೌತಮ ಯಂತ್ರ ಹಚ್ಚುತ್ತಿದ್ದ. ಹಸಿರುಬೀಜ ಹಳದಿಯಾಗಿ, ಹಳದಿಯಿಂದ ಕಂದಾಗಿ, ಚಟಚಟ ಸಿಡಿಯತೊಡಗಿದಾಗ ಅವನು ಉಸಿರು ಬಿಗಿಹಿಡಿದು ಕಿವಿಗೊಡುತ್ತಿದ್ದ. ಹೊರಗೆ ಹಗ್ಗದ ಮಂಚದ ಮೇಲೆ ಕೂತ ಅಪ್ಪ ಅತ್ತಲೇ ಮುಖ ತಿರುಗಿಸಿಕೊಂಡಿರುತ್ತಿದ್ದ. ಅಪ್ಪನಿಗೆ ಮಾತು ಹೊರಳುತ್ತಿರಲಿಲ್ಲ. ಆದರೆ ಆ ವಾಸನೆಗೆ ಅವನ ಮುಖದ ಬಿಗಿ ಸ್ವಲ್ಪ ಸಡಿಲಾಗುತ್ತಿತ್ತು. ಹುರಿದ ಬೀಜ ಚೀಲಕ್ಕೆ ತುಂಬಿ ಕಲಬುರಗಿಯ ಬಸ್ಸಿಗೆ ಹಾಕಿದರೆ ರೇವಣ ಅಲ್ಲಿ ಇಳಿಸಿಕೊಳ್ಳುತ್ತಿದ್ದ.

ಅಂಗಡಿ ನಡೆಯಿತು. ಕಾಲೇಜಿನ ಮಾಸ್ತರರು, ಡಾಕ್ಟರರು, ಸೊಲ್ಲಾಪುರದ ಕಡೆಯಿಂದ ಬಂದವರು ಕೂಡ ಹುಡುಕಿಕೊಂಡು ಬರುತ್ತಾರೆಂದು ರೇವಣ ಫೋನಿನಲ್ಲಿ ಹೇಳುತ್ತಿದ್ದ. ಅಪ್ಪನನ್ನು ಬಿಟ್ಟು ಹೋಗಲಾಗದೆ ಗೌತಮ ಅಂಗಡಿಯನ್ನು ಕಂಡದ್ದೇ ಕಡಿಮೆ. ಹೋಗೋಣವೆಂದರೂ ರೇವಣ "ನೀ ಯಾಕ ತ್ರಾಸ ತಗೋತಿ, ನಾ ಅದೀನಲ್ಲ" ಅನ್ನುತ್ತಿದ್ದ. ಗೆಳೆಯನ ಕಾಳಜಿ ಎಂದುಕೊಂಡು ಗೌತಮ ಸುಮ್ಮನಾಗುತ್ತಿದ್ದ.

ಚಳಿಗಾಲದ ಒಂದು ದಿನ ಅಪ್ಪನನ್ನು ನರರೋಗದ ಡಾಕ್ಟರಿಗೆ ತೋರಿಸಲು ಕಲಬುರಗಿಗೆ ಕರೆತರಬೇಕಾಯಿತು. ಸಂಘಮಿತ್ರಾ ಅಪ್ಪನ ಜೊತೆ ದವಾಖಾನೆಯಲ್ಲಿ ಕೂತಳು. ಹೇಗೂ ಬಂದದ್ದಾಯಿತೆಂದು ಗೌತಮ ಆ ವಾರದ ಚೀಲವನ್ನು ಹೆಗಲಿಗೇರಿಸಿಕೊಂಡು ಅಂಗಡಿಗೆ ಹೋದ. ಫೋನು ಮಾಡಿರಲಿಲ್ಲ.

ಒಳಗೆ ಮೇಜುಗಳೆಲ್ಲ ತುಂಬಿದ್ದವು. ಜರಿ ಅಂಚಿನ ಧೋತರ ಉಟ್ಟ ಹಿರಿಯರೊಬ್ಬರು ಲೋಟ ಕೆಳಗಿಟ್ಟು ಕೇಳುತ್ತಿದ್ದರು, "ಎಲ್ಲಿಂದ ತರಸ್ತೀಯಪ್ಪ ಇದನ್ನ?"

"ಹೈದರಾಬಾದಿಂದ ಬರ್ತದ್ರಿ" ಎಂದ ರೇವಣ. "ಅಲ್ಲಿ ದೊಡ್ಡ ಕಂಪನಿ ಅದ. ಅಲ್ಲೇ ಹುರೀತಾರ."

ಹೇಳಿ ತಲೆ ಎತ್ತಿದವನಿಗೆ ಬಾಗಿಲಲ್ಲಿ ಗೌತಮ ಕಂಡ. ಹಿರಿಯರೂ ತಿರುಗಿ ನೋಡಿ, ಚೀಲದ ಕಡೆ ಕೈ ಮಾಡಿ, "ಇವ್ರು ಯಾರು?" ಎಂದರು.

ರೇವಣ "ಪಾರ್ಸೆಲ್ ತರಾಂವ್ರಿ" ಎಂದ.

ಗೌತಮ ಚೀಲವನ್ನು ಗೋಡೆಗೆ ಒರಗಿಸಿಟ್ಟು ಹೊರಗೆ ಬಂದ. ತನ್ನ ಅಂಗಿಯಿಂದಲೇ ಹುರಿದ ಬೀಜದ ಘಮ ಬರುತ್ತಿತ್ತು. ರೇವಣ ಹಿಂದೆಯೇ ಓಡಿಬಂದ.

"ಸಿಟ್ಟಾಗಬ್ಯಾಡ. ಮಂದಿ ಕೇಳ್ತಾರೋ. ಯಾರು ಹುರೀತಾರ, ಯಾರ ಮನ್ಯಾಗ, ಯಾವ ಓಣಿ ಅಂತ. ನಮ್ಮ ಸೋದರಮಾವ ದೌಲಪ್ಪ ಮೊದಲ ತಿಂಗಳದಾಗೇ ಕೇಳಿದ. ನಾ ಏನ್ ಹೇಳ್ಲಿ?"

"ನನ್ನ ಹೆಸರು ಹೇಳಬೇಕಿತ್ತು."

"ಹೇಳಿದ್ರ ಅರ್ಧಾ ಮಂದಿ ಎದ್ದು ಹೋಗ್ತಾರ. ನಿನಗೂ ಗೊತ್ತದ. ನನಗೇನೂ ಇಲ್ಲೋ ಗೌತಮ. ನಿಮ್ಮ ಮನ್ಯಾಗ ಉಂಡೀನಿ, ನಿನ್ನ ಹಾಸಗ್ಯಾಗ ಮಲಗೀನಿ."

"ಉಂಡಿದ್ದು ನಿಮ್ಮ ಅವ್ವಗ ಹೇಳೀಯೇನು?"

ರೇವಣ ಬೀದಿಯ ಕಡೆ ನೋಡಿದ. ಅವನ ಅವ್ವ ರೇವಮ್ಮನನ್ನು ಗೌತಮ ಚಿಕ್ಕಂದಿನಿಂದ ಬಲ್ಲ. ಶಾಲೆಗೆ ಹೋಗುವಾಗ ಗೆಳೆಯನನ್ನು ಕರೆಯಲು ಅವನು ಅವರ ಕಟ್ಟೆಯ ಕೆಳಗೇ ನಿಂತು ಕೂಗುತ್ತಿದ್ದ. ಒಳಗೆ ಬಾ ಎಂದು ಆಕೆ ಒಮ್ಮೆಯೂ ಅಂದಿರಲಿಲ್ಲ.

"ಅವ್ವ ದಿನಾ ಎರಡು ಸರ್ತಿ ಇದೇ ಕಾಫಿ ಕುಡೀತಾಳ" ಎಂದ ರೇವಣ ಸಣ್ಣ ದನಿಯಲ್ಲಿ. "ಹೈದರಾಬಾದಿಂದು ಅಂತ ತಿಳದಾಳ. ಈಗ ಹೇಳಿದ್ರ ಆಕಿ ಮನ್ಯಾಗ ಕೂಡಗೊಡಂಗಿಲ್ಲ ನನ್ನ."

ಹಾಗಾದರೆ ಈ ಸುಳ್ಳು ಹುಟ್ಟಿದ್ದು ಗಿರಾಕಿಗಳಿಗಾಗಿ ಅಲ್ಲ, ರೇವಣನ ಮನೆಯ ಅಡಿಗೆಮನೆಯಲ್ಲೇ ಎಂದು ಗೌತಮನಿಗೆ ಆಗ ತಿಳಿಯಿತು. ಅವನು ದವಾಖಾನೆಯ ದಾರಿ ಹಿಡಿದ.

ಮನೆಗೆ ಬಂದ ಮೇಲೆ ಸಂಘಮಿತ್ರಾಗೆ ಎಲ್ಲವನ್ನೂ ಹೇಳಿದ. ಅವಳು ಮಾವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಇನ್ನ ಒಂದ ಕಾಳೂ ಕಳಸಬ್ಯಾಡ್ರಿ" ಎಂದಳು.

"ಕಳಸಲಿಲ್ಲಂದ್ರ ಯಾರಿಗೆ ಮಾರ್ಲಿ?"

ಅವಳು ಎಣ್ಣೆಯ ಬಟ್ಟಲು ಎತ್ತಿಕೊಂಡು ಮಾವನ ಇನ್ನೊಂದು ಕಾಲಿನ ಕಡೆ ಸರಿದಳು.

ಅವನು ಕಳಿಸುವುದನ್ನು ನಿಲ್ಲಿಸಲಿಲ್ಲ. ಬೇರೆ ಕಡೆ ಮಾರಲು ನೋಡಿದ. ಚಹಾದ ಊರಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಕೋಟನೂರ ಕೆಫೆಯ ಮಾಲೀಕ ಮಾದರಿ ಇಸಿದುಕೊಂಡು ಫೋನೆತ್ತುವುದನ್ನೇ ಬಿಟ್ಟ. ಒಂದು ದಿನ ಗೌತಮನಿಗೆ ಎಂಥ ಸಿಟ್ಟು ಬಂತೆಂದರೆ, ಈ ಸಲದ ಬೀಜವನ್ನು ಸುಟ್ಟೇ ಕಳಿಸುತ್ತೇನೆ, ಹೈದರಾಬಾದಿನ ಹೆಸರು ಕೆಡಲಿ ಎಂದು ನಿರ್ಧರಿಸಿ ಯಂತ್ರ ಹಚ್ಚಿದ. ಬೀಜ ಸಿಡಿಯಿತು. ಇನ್ನೂ ಬಿಡಬೇಕು, ಹೊಗೆ ಏಳುವವರೆಗೆ ಬಿಡಬೇಕು ಎಂದುಕೊಳ್ಳುತ್ತಿರುವಾಗಲೇ ಅವನ ಕೈ ಹೋಗಿ ಯಂತ್ರದ ಬಾಗಿಲು ಎಳೆಯಿತು. ಬೀಜ ತಟ್ಟೆಗೆ ಸುರಿದು ತಣ್ಣಗಾಗತೊಡಗಿತು. ಎಂದಿನ ಹದವೇ. ಅವನು ನೆಲದ ಮೇಲೆ ಕೂತು ಅತ್ತ. ಆ ಬೀಜವನ್ನು ಯಾರಿಗೂ ಕಳಿಸಲಿಲ್ಲ, ಅಲ್ಲಿಂದಾಚೆ ಕಳಿಸುವುದನ್ನೇ ಬಿಟ್ಟ. ರೇವಣ ಫೋನಿನ ಮೇಲೆ ಫೋನು ಮಾಡಿ ಕೊನೆಗೆ ಸುಮ್ಮನಾದ.

ಮಳೆಗಾಲದಲ್ಲಿ ಸೂರ್ಯಕಾಂತ ತೀರಿಕೊಂಡ. ನಿದ್ದೆಯಲ್ಲಿಯೇ ಹೋಗಿದ್ದ. ಬುದ್ಧವಿಹಾರದ ಭಂತೇಜಿ ಬಂದು ತ್ರಿಶರಣ ಹೇಳಿಸಿದರು, ಓಣಿಯವರೆಲ್ಲ ಕೂಡಿ ಮಣ್ಣು ಮಾಡಿದರು. ಮರುದಿನ ರೇವಣ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತ. ಸಂಘಮಿತ್ರಾ ಚಹಾ ತಂದಿಟ್ಟು ಒಳಗೆ ಹೋದಳು.

ಗೌತಮನೇ ಕೇಳಿದ, "ಅಂಗಡಿ ಹ್ಯಾಂಗ ನಡದದ?"

"ನಡದದ. ಈಗ ಖರೇನೇ ಹೈದರಾಬಾದಿಂದ ತರಸಾಕತ್ತೀನಿ." ರೇವಣ ಲೋಟದೊಳಗೇ ನೋಡುತ್ತಿದ್ದ. "ಯಾರಿಗೂ ಫರಕ ಗೊತ್ತಾಗಿಲ್ಲ. ಒಬ್ಬರೂ ಕೇಳಿಲ್ಲ."

ಹೆಸರು ಇಲ್ಲದಿದ್ದರೂ ರುಚಿಯಾದರೂ ಗಿರಾಕಿಗಳ ನಾಲಗೆಯಲ್ಲಿ ಉಳಿದಿರಬಹುದು ಎಂದು ಗೌತಮ ಒಳಗೊಳಗೆ ನಂಬಿದ್ದ.

"ನನಗ ಗೊತ್ತಾಗ್ತದ" ಎಂದ ರೇವಣ. "ವಾಪಸ್ ಬಾ ಗೌತಮ. ಬೋರ್ಡಿನ ಮ್ಯಾಲೆ ನಿನ್ನ ಹೆಸರು ಬರಸ್ತೀನಿ."

"ಬೋರ್ಡ್ ಆಮ್ಯಾಲೆ ನೋಡೂಣು. ಮೊದಲ ನಿಮ್ಮ ಅವ್ವಗ ಹೇಳು."

ರೇವಣ ಚಹಾ ಪೂರ್ತಿ ಕುಡಿದು ಲೋಟ ಕೆಳಗಿಟ್ಟ. "ಹೇಳ್ತೀನಿ" ಎಂದ. ಅವನು ಹೇಳುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಬೈಕು ಓಣಿ ದಾಟುವವರೆಗೂ ಗೌತಮ ಬಾಗಿಲಲ್ಲಿ ನಿಂತಿದ್ದ. ಆಮೇಲೆ ರೇವಣನ ಫೋನೂ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ಗೌತಮ ಮಾರಲಿಟ್ಟಿದ್ದ ಯಂತ್ರಕ್ಕೆ ಗಿರಾಕಿ ಸಿಕ್ಕಿತು. ಬೀದರದಲ್ಲಿ ಕೆಫೆ ತೆರೆಯಬೇಕೆಂದಿದ್ದ ತೂಬಾ ಎಂಬ ಹೆಣ್ಣುಮಗಳು, ಅಣ್ಣನ ಜೊತೆ ಟೆಂಪೊ ಮಾಡಿಕೊಂಡು ಬಂದಳು. ಹುರಿಯುವುದನ್ನು ಒಮ್ಮೆ ತೋರಿಸಿಕೊಡಿ ಎಂದಳು. ಉಳಿದಿದ್ದ ಹಸಿಬೀಜವನ್ನೆಲ್ಲ ಹಾಕಿ ಗೌತಮ ತೋರಿಸಿದ. ಯಾವಾಗ ಉರಿ ಇಳಿಸಬೇಕು, ಯಾವ ಸದ್ದಿಗೆ ಕಾಯಬೇಕು ಎಂದು ನಿಧಾನವಾಗಿ, ಏನೂ ಬಚ್ಚಿಡದೆ ಹೇಳಿದ. ತೂಬಾ ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು.

"ಇಷ್ಟು ಚಲೋ ಬರ್ತದ ನಿಮಗ. ಮತ್ತ ಯಾಕ್ರಿ ಮಾರಾಕತ್ತೀರಿ?"

"ನನಗ ತೊಗರಿಬೇಳೆ ಮಿಲ್ಲಿನ್ಯಾಗ ನೌಕರಿ ಸಿಕ್ಕದ್ರಿ" ಎಂದ ಗೌತಮ. "ಎರಡೂ ಆಗಂಗಿಲ್ಲ."

ಕಾರಣ ಅದೇ ಎಂದು ಅವಳು ನಂಬಿದಳು. ಯಂತ್ರವನ್ನು ಹಗ್ಗ ಬಿಗಿದು ಟೆಂಪೊಗೆ ಏರಿಸಲು ಅವನೂ ಹೆಗಲು ಕೊಟ್ಟ. ಆಗಷ್ಟೇ ಹುರಿದ ಬೀಜವನ್ನು ಅವಳಿಗೇ ಕಟ್ಟಿಕೊಟ್ಟ. ಸಂಘಮಿತ್ರಾ ಒಂದು ಹಿಡಿಯಷ್ಟಾದರೂ ಇಟ್ಟುಕೊಳ್ಳಿ ಎಂದರೂ ಕೇಳಲಿಲ್ಲ.

ಮರುದಿನ ಅವನು ಮಿಲ್ಲಿಗೆ ಹೋಗುವ ಮೊದಲ ಬಸ್ಸು ಹಿಡಿದ. ಮಿಲ್ಲಿನ ಬಾಗಿಲಲ್ಲಿ ರಾಮಣ್ಣನೆಂಬ ಹಮಾಲ ಎಲ್ಲರಿಗೂ ಚಹಾ ಹಂಚುತ್ತಿದ್ದ. ಹೊಸಬನಿಗೂ ಒಂದು ಲೋಟ ಚಾಚಿದ. ಗೌತಮ ಇಸಿದುಕೊಂಡು, ಊದಿ, ಕುಡಿದು, ಒಳಗೆ ಹೋದ.