ಪಕ್ಕದ ಸೀಟಿನ ಬಾಗಿಲು

ಆ ಹಳೇ ಪಿಕಪ್ ಗಾಡಿಯನ್ನು ಸ್ಟಾರ್ಟ್ ಮಾಡುವುದೆಂದರೆ ಸಸಿಯಮ್ಮನ ಗಂಡನಿಗೆ ಬೀದಿಯವರೆದುರು ಜಾದೂ ತೋರಿಸಿದ ಹಾಗೆ. ಮೊದಲು ಬಾಗಿಲನ್ನು ಒಂದು ಬೆರಳಷ್ಟು ಮೇಲೆತ್ತಿ, ಮೈಭಾರವೆಲ್ಲ ಹಾಕಿ ಎಳೆಯಬೇಕು. ಕೂತ ಮೇಲೆ ಕೀಲಿಯನ್ನು ಅರ್ಧ ತಿರುಗಿಸಿ, ಡ್ಯಾಶ್‌ಬೋರ್ಡಿನ ಗೊತ್ತಾದ ಜಾಗಕ್ಕೆ ಅಂಗೈಯಿಂದ ಬಡಿದು, ಆಮೇಲೆ ಪೂರ್ತಿ ತಿರುಗಿಸಬೇಕು. ಮೊದಲ ಗೇರಿಗೆ ಹೋಗಬೇಕಾದರೆ ಮೂರನೆಯ ಗೇರನ್ನು ಮಾತಾಡಿಸಿಕೊಂಡೇ ಹೋಗಬೇಕು. ಹ್ಯಾಂಡ್‌ಬ್ರೇಕಿನ ಕೆಲಸವನ್ನು, ಚಕ್ರಕ್ಕೆ ಒಡ್ಡಲೆಂದು ಸೀಟಿನಡಿ ಇಟ್ಟ ಒಂದು ಕಲ್ಲು ಮಾಡುತ್ತಿತ್ತು. ಹಿಂಬದಿಯ ಹಲಗೆಬಾಗಿಲು ಹಿಮ್ಮಡಿಯಿಂದ ಒದ್ದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು.

ಕಿಲೋಮೀಟರ್ ಲೆಕ್ಕದ ಮೀಟರು ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಗೆ ಬಂದ ದಿನ ಅವನು ಬೀದಿಯವರನ್ನೆಲ್ಲ ಕರೆದು, "ನೋಡ್ರಪ್ಪ, ಇವತ್ತಿಂದ ಹೊಸ ಗಾಡಿ" ಎಂದಿದ್ದ.

ಹಾಗೆಂದು ಅವನನ್ನು ಸೋಮಾರಿ ಎನ್ನುವಂತಿರಲಿಲ್ಲ. ಹೊತ್ತುಹೊತ್ತಿಗೆ ಎಂಜಿನ್ ಆಯಿಲ್ ಬದಲಿಸುತ್ತಿದ್ದ, ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದ, ಕೂಸಿಗೆ ಎಣ್ಣೆ ತಿಕ್ಕುವ ಹಾಗೆ ಕೀಲುಕೀಲಿಗೆ ಗ್ರೀಸ್ ಹಚ್ಚುತ್ತಿದ್ದ. ಗಾಡಿ ಇಷ್ಟು ವರ್ಷ ಬಾಳಿದ್ದೇ ಅದರಿಂದ. ಆದರೆ ಯಾವ ಯಾವ ದೋಷದಿಂದ ಅದು ಅವನೊಬ್ಬನಿಗೇ ಬಗ್ಗುತ್ತಿತ್ತೋ, ಆ ದೋಷಗಳನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಗ್ಯಾರೇಜಿನವನು ಸ್ಪ್ಯಾನರ್ ಎತ್ತಿದರೆ ಸಾಕು, ಇವನ ಬಾಯಿಂದ ಒಂದೇ ಮಾತು: "ಉಪಾಯ ಗೊತ್ತಿದ್ರೆ ರಿಪೇರಿ ಯಾಕೆ?"

ಆ ದೋಷಗಳಲ್ಲಿ ಒಂದು ಸಸಿಯಮ್ಮನ ಪಾಲಿಗೆ ಬಂದಿತ್ತು. ಪಕ್ಕದ ಸೀಟಿನ ಬಾಗಿಲಿನ ಒಳಹಿಡಿ ಮುರಿದು ಯಾವುದೋ ಕಾಲವಾಗಿತ್ತು, ಗಾಜೂ ಇಳಿಯುತ್ತಿರಲಿಲ್ಲ. ಹೊರಗಿನಿಂದ ಯಾರಾದರೂ ತೆರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಗಂಡ ಇಳಿದು, ಸುತ್ತಿ ಬಂದು ತೆರೆಯಬೇಕು. ಸುತ್ತಿ ಬರುವ ದಾರಿಯಲ್ಲಿ ಅವನಿಗೆ ಲೋಕವೆಲ್ಲ ಸಿಗುತ್ತಿತ್ತು: ಚಹಾ ಅಂಗಡಿ, ಹಳೆಯ ಸ್ನೇಹಿತ, ಹೊಸ ಗಾಡಿ ಕೊಂಡ ಮೂರ್ಖ. ಅವಳು ಒಳಗಿನಿಂದ ಗಾಜು ತಟ್ಟಿದರೆ ಅವನು ತಿರುಗಿ ನೋಡದೆ ಒಂದು ಬೆರಳು ಎತ್ತುತ್ತಿದ್ದ. ಬಂದೆ ಎಂದು ಅರ್ಥ. ಗಾಜಿನ ತೊಟ್ಟಿಯ ಮೀನಿನ ಹಾಗೆ ಕೂತು, ಆ ಬೆರಳನ್ನು ನೋಡಿ ನೋಡಿ ಅವಳಿಗೆ ಮದುವೆಯ ಅರ್ಥವೂ ಬಹುಮಟ್ಟಿಗೆ ಆಗಿತ್ತು.

ಸಸಿಯಮ್ಮ ಎಂದು ಅವಳನ್ನು ಕರೆದದ್ದು ಗಿರಾಕಿಗಳು. ಮನೆಯ ಹಿಂದೆ ನೆರಳುಬಲೆ ಕಟ್ಟಿ, ಟ್ರೇಗಳಲ್ಲಿ ಟೊಮೆಟೊ, ಬದನೆ, ಮೆಣಸಿನ ಸಸಿ ಎಬ್ಬಿಸಿ ಮಾರುತ್ತಿದ್ದಳು. ಸಸಿ ಅವಳದು, ಗಾಡಿ ಅವನದು. ಈಚೆಗೆ ಊರಾಚೆಯ ದೊಡ್ಡ ತೋಟದವಳೊಬ್ಬಳು ಪ್ರತಿ ಸೋಮವಾರ ಸಸಿ ತಂದುಕೊಡುವಂತೆ ಮಾತಾಡಿಕೊಂಡಿದ್ದಳು. ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. "ಬಿಸಿಲೇರೋ ಮುಂಚೆ ಸಸಿ ಇಲ್ಲಿರಬೇಕು. ಒಂದು ಸಲ ತಪ್ಪಿದ್ರೆ ಬೇರೆಯವ್ರನ್ನ ನೋಡ್ಕೋತೀನಿ" ಎಂದಿದ್ದಳು. ಇಷ್ಟು ವರ್ಷದಲ್ಲಿ ಅಂಥ ಗಿರಾಕಿ ಸಿಕ್ಕಿದ್ದು ಅದೇ ಮೊದಲು.

ಮೊದಲ ಸೋಮವಾರಕ್ಕೆ ಇನ್ನೊಂದೇ ದಿನ ಇತ್ತು. ಗಂಡ ರಬ್ಬರ್ ಚಪ್ಪಲಿಯಲ್ಲೇ ಹಲಗೆಬಾಗಿಲನ್ನು ಒದ್ದ. ಬಾಗಿಲು ಮುಚ್ಚಿಕೊಂಡಿತು, ಹಿಮ್ಮಡಿಯ ಮೂಳೆ ಬಿರುಕು ಬಿಟ್ಟುಕೊಂಡಿತು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಎನ್ನುತ್ತಾರಲ್ಲ, ಅದಕ್ಕೆ ಕಲ್ಲೂ ಬೇಕಾಗಲಿಲ್ಲ.

ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವನು ಜಗಲಿಯ ಕುರ್ಚಿಯಲ್ಲಿ ಕೂತು, "ಗಾಡಿಗೂ ರಜೆ" ಎಂದು ಸಾರಿದ.

"ನಾಳೆ ಸಸಿ ಕೊಡ್ಬೇಕಲ್ಲ ರೀ. ನಾನೇ ಓಡಿಸ್ತೀನಿ. ಲೈಸೆನ್ಸ್ ಇದೆ."

"ಲೈಸೆನ್ಸ್ ಇರೋದು ಗಾಡಿ ಓಡಿಸೋಕೆ ಕಣೆ. ಇದು ಗಾಡಿ ಅಲ್ಲ, ಇದಕ್ಕೆ ಮನಸ್ಸಿದೆ."

ಅವಳ ಅತ್ತೆ ಒಳಗಿನಿಂದ ಅಂದರು: "ಹೋಗ್ಲಿ, ಮನೇಲಿ ಅದೊಂದಕ್ಕಾದ್ರೂ ಇದೆಯಲ್ಲ."

ಮರುದಿನ ಬೆಳಕು ಹರಿಯುವಾಗ ಅವಳು ಟ್ರೇಗಳನ್ನು ಏರಿಸಿ ಬಂದು ಕೂತಳು. ಗಂಡ ಜಗಲಿಯಿಂದ ನಿರ್ದೇಶನ ಶುರು ಮಾಡಿದ. "ಅರ್ಧ ತಿರುಗ್ಸು. ಬಡಿ. ಅಲ್ಲಲ್ಲ, ಸ್ವಲ್ಪ ಕೆಳಗೆ. ಹಾಗಲ್ಲ, ಪ್ರೀತಿಯಿಂದ ಬಡಿ." ಅವಳು ಬಡಿದಳು, ತಿರುಗಿಸಿದಳು. ಗಾಡಿ ಕರಕರ ಎಂದಿತೇ ವಿನಾ ಹತ್ತಲಿಲ್ಲ. ಮತ್ತೆ ಬಡಿದಳು. ಹಾಲಿನವನು ನಿಂತು ನೋಡಿದ. ಎದುರುಮನೆಯ ನಿವೃತ್ತ ಗುಮಾಸ್ತರು ಪೇಪರ್ ಮಡಿಸಿಟ್ಟು ನೋಡಿದರು. ಗಂಡ ಅವರತ್ತ ಕೈ ಚೆಲ್ಲಿ, "ನಾನು ಹೇಳ್ದೆ ಸಾರ್. ಎಲ್ಲರ ಕೈಗೂ ಬಗ್ಗೋದಲ್ಲ" ಎಂದ. ಮೂಳೆ ಮುರಿದವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಅವಳು ಕಂಡಿರಲಿಲ್ಲ.

ಅವಳು ಹಿತ್ತಲಿಗೆ ಹೋಗಿ ಗ್ಯಾರೇಜಿನವನಿಗೆ ಫೋನ್ ಮಾಡಿದಳು.

"ಸೀಟಿನ ಹಿಂದೆ ಕೈ ಹಾಕಿದ್ರಾ ಅಕ್ಕ? ಅಲ್ಲೊಂದು ಸ್ವಿಚ್ಚಿದೆ. ಕಳ್ಳರ ಭಯಕ್ಕೆ ಅಂತ ಯಜಮಾನ್ರೇ ಹಾಕಿಸಿದ್ದು. ಅದು ಹಾಕದೆ ಡೀಸೆಲ್ಲೇ ಬರಲ್ಲ. ಅವ್ರು ಹೇಳ್ಲಿಲ್ವಾ?"

"ಮರೆತಿರ್ಬೇಕು" ಎಂದಳು ಸಸಿಯಮ್ಮ. ಬಡಿಯುವ ಜಾಗವನ್ನು ಅಂಗುಲದ ಲೆಕ್ಕದಲ್ಲಿ ಹೇಳಿದವನಿಗೆ ಸ್ವಿಚ್ಚು ಮರೆತುಹೋಗುತ್ತದೆಯೇ? ಕಳ್ಳರಿಗೂ ಹೆಂಡತಿಗೂ ಒಂದೇ ಬೀಗ. ಹಿಂದೆ ಇಂಥದ್ದಕ್ಕೆಲ್ಲ ಅವಳಿಗೆ ಅಳು ಬರುತ್ತಿತ್ತು. ಈ ಸಲ ಕಣ್ಣಿಗೆ ಬಂದದ್ದು ಲೆಕ್ಕಾಚಾರ.

ಬಾವಿಕಟ್ಟೆಯಲ್ಲಿ ಪಾತ್ರೆ ಉಜ್ಜುತ್ತಿದ್ದ ಅತ್ತೆ ತಲೆ ಎತ್ತದೆ ಅಂದರು: "ನಿನ್ನ ಮಾವ ರೇಡಿಯೋ ತಿರುಗ್ಸೋಕೆ ಯಾರನ್ನೂ ಬಿಡ್ತಿರ್ಲಿಲ್ಲ. ಅದು ಬಹಳ ಸೂಕ್ಷ್ಮ, ನಿಂಗೆ ಬರಲ್ಲ ಅಂತಿದ್ರು. ಅವ್ರು ಹೋದ್ಮೇಲೆ ತಿರುಗ್ಸಿದೆ. ಒಂದೇ ಸಲಕ್ಕೆ ಹಾಡ್ತು." ಪಾತ್ರೆಯನ್ನು ಮಗುಚಿಟ್ಟರು. "ನೀನು ಅಷ್ಟು ಕಾಯ್ಬೇಡ."

ಸಸಿಯಮ್ಮ ಮತ್ತೆ ಹೋಗಿ ಕೂತು ಸೀಟಿನ ಹಿಂದೆ ಕೈ ಹಾಕಿದಳು. ಗಾಡಿ ಒಮ್ಮೆ ಕೆಮ್ಮಿ ಹತ್ತಿಕೊಂಡಿತು. ಜಗಲಿಯ ಮೇಲಿನ ಮುಖ ಹುಳ್ಳಗಾಯಿತು. ಮರುಗಳಿಗೆಯಲ್ಲೇ ಸಾವರಿಸಿಕೊಂಡು, "ನೋಡಿದ್ರಾ ಸಾರ್, ಹೇಳಿಕೊಡೋರು ಸರಿಯಿದ್ರೆ ಯಾರು ಬೇಕಾದ್ರೂ ಕಲೀತಾರೆ" ಎಂದಿತು.

ಬಿಸಿಲೇರುವ ಮುಂಚೆ ಸಸಿ ತೋಟ ಮುಟ್ಟಿತು. ಬರುವಾಗ ಅವಳು ಗಾಡಿಯನ್ನು ಗ್ಯಾರೇಜಿನೊಳಗೆ ನುಗ್ಗಿಸಿದಳು.

"ಏನು ಮಾಡ್ಲಿ ಅಕ್ಕ?"

"ಎಲ್ಲಾ."

ಗ್ಯಾರೇಜಿನವನು ವರ್ಷಗಟ್ಟಲೆ ಹಸಿದವನು ಊಟಕ್ಕೆ ಕೂತ ಹಾಗೆ ಕೂತ. ಸವೆದ ಕ್ಲಚ್ ಪ್ಲೇಟ್ ಹೋಯಿತು, ಹೊಸದು ಬಂತು. ಗೇರಿನ ಸಡಿಲ, ಬಾಗಿಲಿನ ಕೀಲು, ಹಲಗೆಬಾಗಿಲಿನ ಕೊಂಡಿ, ಹ್ಯಾಂಡ್‌ಬ್ರೇಕು, ಡ್ಯಾಶ್‌ಬೋರ್ಡಿನ ಹಿಂದೆ ಕಳಚಿಕೊಂಡಿದ್ದ ತಂತಿ, ಎಲ್ಲ ಸರಿಹೋದವು. ಆ ತಂತಿ ಹಿಡಿದು ತೋರಿಸಿ, "ಇದಕ್ಕೇ ಅಕ್ಕ ಇಷ್ಟು ವರ್ಷ ಏಟು ಬಿದ್ದಿದ್ದು" ಎಂದ. ಕಳ್ಳರ ಸ್ವಿಚ್ಚನ್ನು ಅವಳು ಕೀಳಿಸಿದಳು. ಕಲ್ಲನ್ನು ಅವನು ಚರಂಡಿ ಪಕ್ಕಕ್ಕೆ ಎಸೆದ.

"ಆ ಕಡೆ ಬಾಗಿಲು? ಒಳಹಿಡಿ ಹಾಕಿಬಿಡ್ಲಾ?"

ಸಸಿಯಮ್ಮ ಒಂದು ಗಳಿಗೆ ಆ ಗಾಜನ್ನು ನೋಡಿದಳು. ಅವಳ ಗೆಣ್ಣು ತಟ್ಟಿ ತಟ್ಟಿ ಆದ ಮಸುಕು ಗುರುತು ಅದರ ಮೇಲೆ ಹಾಗೇ ಇತ್ತು.

"ಅದೊಂದು ಇರ್ಲಿ" ಎಂದಳು.

ಪ್ಲಾಸ್ಟರ್ ಇದ್ದಷ್ಟೂ ದಿನ ಗಂಡ ಜಗಲಿಯಲ್ಲಿ ಕೂತು, ಒಂದೇ ಸಲಕ್ಕೆ ಹತ್ತಿಕೊಳ್ಳುವ ಎಂಜಿನ್ನಿನ ಸದ್ದನ್ನು ಬಂದವರಿಗೆಲ್ಲ ಕೇಳಿಸಿ ತನ್ನ ಪಾಠದ ಮಹಿಮೆ ಹೇಳಿದ. ಅವಳು ಅಡ್ಡಿ ಮಾಡಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಬಂದ ಸೋಮವಾರ ಅವನು ಹೊಸ ಅಂಗಿ ತೊಟ್ಟು ಗಾಡಿಯ ಹತ್ತಿರ ನಿಂತ. "ಇನ್ನು ಸಾಕು, ಪಾಪ ಅದಕ್ಕೂ ಬೇಜಾರಾಗಿರತ್ತೆ" ಎಂದು ಅವಳ ಕೈಯಿಂದ ಕೀಲಿ ತೆಗೆದುಕೊಂಡ. ಹಲಗೆಬಾಗಿಲಿಗೆ ಕಾಲೆತ್ತಿದವನು ಏನೋ ನೆನಪಾಗಿ ಇಳಿಸಿದ. ಅದು ಆಗಲೇ ಮುಚ್ಚಿತ್ತು. ಮುಂದಿನ ಬಾಗಿಲನ್ನು ಎಂದಿನಂತೆ ಮೇಲೆತ್ತಿ, ಮೈಭಾರ ಹಾಕಿ ಎಳೆದ. ಎಣ್ಣೆ ಕಂಡ ಬಾಗಿಲು ಹಗುರಾಗಿ ಹಾರಿ ಬಂದು ಅವನನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿತು. ಗುಮಾಸ್ತರು ಪೇಪರ್ ಮಡಿಸಿದರು.

ಒಳಗೆ ಕೂತು ಅರ್ಧ ತಿರುಗಿಸಿ ಬಡಿದ. ಬಡಿದ ಏಟಿಗೆ ಡ್ಯಾಶ್‌ಬೋರ್ಡಿನ ಗಡಿಯಾರ ನಿಂತಿತು. ಮೂರನೆಯ ಗೇರನ್ನು ಮಾತಾಡಿಸಲು ಹೋದರೆ ಅದು ಅಲ್ಲೇ ಕೂತುಕೊಂಡಿತು. ಹಳೆಯ ಅಭ್ಯಾಸದ ಮೇಲೆ ಕ್ಲಚ್ಚಿನಿಂದ ಕಾಲನ್ನು ಸರ್ರನೆ ತೆಗೆದ. ಗಾಡಿ ಕಪ್ಪೆಯ ಹಾಗೆ ನೆಗೆದು ಆರಿಹೋಯಿತು. ಮತ್ತೆ ಹಚ್ಚಿದ, ಮತ್ತೆ ನೆಗೆಯಿತು. ಹಿಂದೆ ಟ್ರೇಗಳು ಒಂದರ ಮೇಲೊಂದು ಜಾರಿದವು.

"ಏನು ಮಾಡಿದ್ದೀಯ ಇದಕ್ಕೆ? ಕೆಡಿಸಿಬಿಟ್ಟಿದ್ದೀಯ."

"ರಿಪೇರಿ ಮಾಡ್ಸಿದ್ದೀನಿ ರೀ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದರು ಜಗಲಿಯಿಂದ ಅತ್ತೆ, ಯಾರಿಗೂ ಅಲ್ಲ ಎಂಬಂತೆ.

ಬಿಸಿಲು ಮೆಲ್ಲಗೆ ಗೋಡೆ ಇಳಿಯುತ್ತಿತ್ತು. "ಆ ಕಡೆ ಸರೀರಿ, ಹೊತ್ತಾಯ್ತು" ಎಂದಳು ಸಸಿಯಮ್ಮ. ಅವನು ಬೀದಿಯನ್ನು ನೋಡಿದ, ಗುಮಾಸ್ತರನ್ನು ನೋಡಿದ, ಸರಿದ.

ತೋಟದ ಗೇಟಿನಲ್ಲಿ ಅವಳು ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತೆಗೆದುಕೊಂಡು ಇಳಿದಳು. ತನ್ನ ಬಾಗಿಲನ್ನು ಬೀಗ ಹಾಕದೆ ಮುಚ್ಚಿದಳು. ಟ್ರೇಗಳನ್ನು ಇಳಿಸಿದಳು. ತೋಟದವಳು ಬಂದು, ಸಸಿಯ ಬೇರು ನೋಡಿ, ಅಪರೂಪಕ್ಕೆ ನಕ್ಕಳು, ಚಹಾ ತರಿಸಿದಳು. ಮೆಣಸಿನ ಎಲೆ ಮುರುಟುವ ವಿಷಯ ಬಂತು. ಅದೇನು ಸಣ್ಣ ವಿಷಯವೇ?

ಬೆನ್ನ ಹಿಂದೆ ಗಾಜು ತಟ್ಟುವ ಸದ್ದು. ಅವಳ ಬದಿಗೆ ಸರಿದು ಇಳಿದುಬಿಡುವುದು ಅವನಿಗೇನೂ ಕಷ್ಟವಿರಲಿಲ್ಲ. ಆದರೆ ತೆರೆಸಿಕೊಳ್ಳಬೇಕಾದವರು ತಟ್ಟುತ್ತ ಕೂರಬೇಕು ಎಂಬುದನ್ನು ಆ ಸೀಟು ಎಷ್ಟು ಬೇಗ ಕಲಿಸಿಬಿಟ್ಟಿತ್ತು! ಸಸಿಯಮ್ಮ ತಿರುಗಲಿಲ್ಲ. ಅವಳ ಬಲಗೈ ತಾನಾಗಿ ಮೇಲೆ ಹೋಗಿ ಒಂದು ಬೆರಳೆತ್ತಿತು. ಎತ್ತಿದ ಮೇಲೆ ಅದು ಯಾರ ಬೆರಳು ಎಂದು ಗೊತ್ತಾಗಿ ಅವಳಿಗೆ ತುಸು ನಾಚಿಕೆಯೂ ಆಯಿತು. ಆದರೂ ಚಹಾ ಮುಗಿಸಿಯೇ ಎದ್ದಳು.

ಸುತ್ತಿ ಬಂದು ಬಾಗಿಲು ತೆರೆದಾಗ ಅವನು ಬೆವರಿದ್ದ.

"ಈ ಹಿಡೀನ ರಿಪೇರಿ ಮಾಡಿಸ್ಬೇಕು ಕಣೆ" ಎಂದ. ಇಷ್ಟು ವರ್ಷದಲ್ಲಿ ಆ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು.

"ಯಾಕ್ ರೀ?" ಎಂದಳು ಸಸಿಯಮ್ಮ, ಖಾಲಿ ಟ್ರೇಗಳನ್ನು ಅವನ ಕೈಗೆ ಕೊಡುತ್ತ. "ಉಪಾಯ ಗೊತ್ತಿದೆಯಲ್ಲ."