ಹಳದಿ ಕಾರ್ಡು, ಬಿಳಿ ಕಾರ್ಡು

ನಮ್ಮಮ್ಮನ ಅಕ್ಕ ಸೀತಾ ದೊಡ್ಡಮ್ಮ ಹೊಸಹಳ್ಳಿಯಲ್ಲಿ ಮೂವತ್ತೆಂಟು ವರ್ಷದಿಂದ ವಧೂವರರ ಕೇಂದ್ರ ನಡೆಸುತ್ತಿದ್ದಾಳೆ. ಸಂಬಂಧ ಕುದುರಿದರೆ ಎರಡೂ ಕಡೆಯ ವಿವರ ಬರೆದ ಕಾರ್ಡುಗಳನ್ನು ಅರಿಶಿನದ ದಾರದಲ್ಲಿ ಕಟ್ಟಿ ಟ್ರಂಕಿಗೆ ಹಾಕುತ್ತಾಳೆ. ಟ್ರಂಕಿಗೆ ಹೋದ ಕಾರ್ಡನ್ನು ಮತ್ತೆ ಯಾರಿಗೂ ತೋರಿಸುವ ಹಾಗಿಲ್ಲ. ಊರಿಗೆಲ್ಲ ಮದುವೆ ಮಾಡಿಸಿದವಳಿಗೇ ಮದುವೆಯಾಗಿಲ್ಲ. ಯಾಕೋ ಕೂಡಿಬರಲಿಲ್ಲ ಅನ್ನುತ್ತಾರೆ ಮನೆಯಲ್ಲಿ.

ನನ್ನ ಕಾರ್ಡು ಹತ್ತು ವರ್ಷದಿಂದ ಅವಳ ಡಬ್ಬದಲ್ಲಿ ಕೂತಿದೆ. ಭಾನುವಾರ ಬಂದರೆ ಒಬ್ಬ ಗಂಡು ಬಂದು ಅಮ್ಮ ಮಾಡಿದ ಉಪ್ಪಿಟ್ಟು ತಿಂದು ಹೋಗುತ್ತಾನೆ. ಮದುವೆ ಬೇಡ ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ, ಕೇಳುವವರು ಯಾರು? ಕೊನೆಗೆ ದೊಡ್ಡಮ್ಮನ ಜೊತೆ ಒಪ್ಪಂದವಾಯಿತು. ಕೇಂದ್ರಕ್ಕೆ ನಾನು ಆ್ಯಪ್ ಮಾಡಿಕೊಡಬೇಕು. ಅದು ಅವಳ ಕಣ್ಣೆದುರು ಒಂದಾದರೂ ಸಂಬಂಧ ಕುದುರಿಸಿದರೆ ನನ್ನ ಕಾರ್ಡು ಡಬ್ಬದಿಂದ ಆಚೆ.

ರಜೆ ಹಾಕಿ ಕೂತೆ. ಸರ್ಚ್ ಎಂಜಿನ್ ಒಂದನ್ನು ವೆಕ್ಟರ್ ಡೇಟಾಬೇಸ್ ಆಗಿ ಸಜ್ಜು ಮಾಡಿದೆ. ಪ್ರತಿ ಕಾರ್ಡಿನ ಬರಹ ಅಂಕಿಗಳ ಉದ್ದ ಸಾಲಾಗುತ್ತದೆ, ಒಂದಕ್ಕೊಂದು ತೀರಾ ಹತ್ತಿರವಿರುವ ಸಾಲುಗಳನ್ನು ಎಂಜಿನ್ ಜೋಡಿ ಎಂದು ತೋರಿಸುತ್ತದೆ. ಒಂದೇ ಗೋತ್ರದವರನ್ನು ಕೈಬಿಡು ಎಂದೂ ಅದಕ್ಕೆ ಹೇಳಿಕೊಟ್ಟೆ. ನಾಲ್ಕು ಸಾವಿರ ಕಾರ್ಡು ಟೈಪ್ ಮಾಡಿ ಬೆರಳು ಸವೆಯಿತು.

ಮೊದಲ ಗಿರಾಕಿ ವಿಜಯನಗರದ ನಿವೃತ್ತ ಮೇಷ್ಟ್ರು ಶ್ಯಾಮಸುಂದರ. ಅವರ ಮಗ ಸುಘೋಷನ ಕಾರ್ಡು ಹಾಕಿದೆ. ತಕ್ಷಣ ಉತ್ತರ ಬಂತು: ಕೆಂಗೇರಿಯ ಮಹೇಶ್, ತೊಂಬತ್ತೊಂದು ಪರ್ಸೆಂಟ್.

"ಗೋತ್ರವೇನೋ ಸರಿಯಾಗಿದೆ," ಮೇಷ್ಟ್ರು ಕನ್ನಡಕ ಏರಿಸಿದರು. "ಹುಡುಗಿ ಹೆಸರು ಮಹೇಶ್ ಅಂತಾನೇನಮ್ಮಾ?"

"ಗಂಡು ಹೆಣ್ಣು ನೋಡಲ್ವೇನೇ ನಿನ್ ಮಿಷನ್ನು?" ದೊಡ್ಡಮ್ಮ ಗದರಿದಳು.

"ಎಲ್ಲಿ ಬರ್ದಿದೀಯ ಗಂಡು ಹೆಣ್ಣು ಅಂತ?"

ಎಲ್ಲೂ ಬರೆದಿರಲಿಲ್ಲ. ಗಂಡಿಗೆ ಬಿಳಿ ಕಾರ್ಡು, ಹೆಣ್ಣಿಗೆ ಹಳದಿ. ಮೂವತ್ತೆಂಟು ವರ್ಷ ಬಣ್ಣವೇ ಆ ಕೆಲಸ ಮಾಡಿತ್ತು. ನಾನು ಅಕ್ಷರ ಟೈಪ್ ಮಾಡಿದ್ದೆ, ಬಣ್ಣ ಮರೆತಿದ್ದೆ.

"ಮೂವತ್ತು ಹುಡುಗೀರು ಬೇಡ ಅಂದಿದಾರೆ," ಮೇಷ್ಟ್ರು ನಿಟ್ಟುಸಿರಿಟ್ಟರು. "ಇರ್ಲಿ, ಮಹೇಶನ ಜಾತಕ ಒಂದು ಕಾಪಿ ಕೊಡಿ."

ದೊಡ್ಡಮ್ಮನಿಗೆ ರೇಗಿತು. "ನಿನ್ ಕಾರ್ಡೇ ಹಾಕು ಸ್ಮೃತಿ. ಯಾವ ಘನಂದಾರಿ ಗಂಡು ತರುತ್ತೋ ನೋಡೇಬಿಡ್ತೀನಿ."

ಹೆದರುತ್ತಲೇ ಹಾಕಿದೆ. ತೊಂಬತ್ತೆಂಟು ಪರ್ಸೆಂಟ್! ಕಾರ್ಡ್ ನಂಬರ್ ಒಂದು, ಹೆಸರಿಲ್ಲ. 'ಸ್ವಂತ ದುಡಿಮೆ. ಒಂಟಿ ನಡಿಗೆ ಇಷ್ಟ. ಅಡುಗೆ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಮನೆಯವರ ಬಲವಂತಕ್ಕೆ ಬರೆಸಿದ್ದು.'

ಇಷ್ಟು ಹೊಂದುವ ಗಂಡು ಸಿಕ್ಕಿಬಿಟ್ಟರೆ ಇನ್ನು ಯಾವ ನೆಪ ಹೇಳಲಿ?

"ಯಾರಿದು ದೊಡ್ಡಮ್ಮಾ?"

ದೊಡ್ಡಮ್ಮ ಡಬ್ಬದ ತಳಕ್ಕೆ ಕೈ ಹಾಕಿ ಮಾಸಿದ ಕಾರ್ಡೊಂದನ್ನು ಎಳೆದಳು. ಹಳದಿ ಕಾರ್ಡು. ಹಿಂಬದಿಗೆ ಅಂಟಿಸಿದ ಫೋಟೋದಲ್ಲಿ ಎರಡು ಜಡೆ, ಸಿಡುಕು ಮುಖ, ನಮ್ಮ ದೊಡ್ಡಮ್ಮ.

"ನಿಮ್ ತಾತ ಬರೆಸಿದ್ದು. ಬಂದೋರ್ನೆಲ್ಲ ನಾನೇ ಬೇಡ ಅಂದೆ ಕಣೇ," ಅಂದಳು.

ಇಷ್ಟು ವರ್ಷದಲ್ಲಿ ಅವಳನ್ನು ಒಂದು ಮಾತೂ ಕೇಳದ್ದಕ್ಕೆ ನನಗೆ ನಾಚಿಕೆಯಾಯಿತು. ಅವಳು ನನ್ನ ಕಾರ್ಡನ್ನೂ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಮೊದಲ ಸಲ ಪೂರ್ತಿ ಓದಿದಳು.

"ತೊಂಬತ್ತೆಂಟು. ಗೋತ್ರಾನೂ ಬೇರೆ," ಎನ್ನುತ್ತ ಅರಿಶಿನದ ದಾರ ಕಿತ್ತು ಎರಡಕ್ಕೂ ಸೇರಿಸಿ ಬಿಗಿಯಾಗಿ ಗಂಟು ಹಾಕಿದಳು. ಮೇಷ್ಟ್ರು ಎದ್ದು ನಿಂತು, ಅಕ್ಷತೆ ಎಲ್ಲಿಟ್ಟಿದ್ದೀರಿ ಎಂದು ಕೇಳಿದರು.

"ಭಾನುವಾರ ಬರೋ ಗಂಡಿಗೆ ಏನ್ ಹೇಳ್ತೀಯ?" ಅಂದೆ.

"ಹುಡುಗಿಗೆ ಸಂಬಂಧ ಕುದುರಿದೆ ಅಂತೀನಿ," ಎಂದು ದೊಡ್ಡಮ್ಮ ಆ ಕಾರ್ಡುಗಳನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು.